ಗಂಟೆ ಸರಿಮಾಡಿ ಮುಚ್ಚಿಡುವ ಕಲಾಮ್‌ಕಾಸ್

ಇರ್ತಿಶ್ ನದಿಯ ಮೇಲೆ ಈಗಷ್ಟೇ ಬೆಳಕು ಹರಿಯುತ್ತಿದೆ. ಸೆಮೆಯ್ ಪಟ್ಟಣದ ಜಮಾಲ್ ಆಜೆಯ, ಅಂದರೆ ಜಮಾಲ್ ಅಜ್ಜಿಯ ಮನೆಯಲ್ಲಿ ರಿಪೇರಿ ಕೆಲಸದ ಹೆಂಗಸು ಕಲಾಮ್‌ಕಾಸ್ ಟಿವಿಯ ಮುಂದೆ ನೆಲದ ಮೇಲೆ ಕುಳಿತಿದ್ದಾರೆ. ಟಿವಿಯ ಕೆಳಗೆ ಕಾರ್ಯಕ್ರಮಗಳನ್ನು ತುಂಬಿಡುವ ರೆಕಾರ್ಡರ್ ಪೆಟ್ಟಿಗೆ, ಅದರ ಮುಖದಲ್ಲಿ ಹಸಿರು ಅಂಕಿಗಳು. ಪೆಟ್ಟಿಗೆ ಒಂದು ಹೊತ್ತು ಹೇಳುತ್ತಿದೆ, ಗೋಡೆಯ ಗಡಿಯಾರ ಇನ್ನೊಂದು. ಕಲಾಮ್‌ಕಾಸ್ ಎರಡನ್ನೂ ನೋಡುತ್ತಾರೆ. ರಿಮೋಟ್ ಮುಟ್ಟುವುದಿಲ್ಲ. ಮೊದಲು ಚಹಾ ಕೇಳುತ್ತಾರೆ.

ಅವರ ಕೆಲಸದ ಕ್ರಮವೇ ಅದು. ಚಹಾ ಬಂದ ಮೇಲೆ ಮನೆಯವರನ್ನೆಲ್ಲ ಕೂರಿಸಿ ಒಂದೇ ಪ್ರಶ್ನೆ ಕೇಳುತ್ತಾರೆ: "ಈ ಮನೇಲಿ ಯಾರ್‍ಯಾರು ಯಾವ ಗಂಟೆ ನೋಡ್ಕೊಂಡು ಬದುಕ್ತೀರ?"

ಎಂಬತ್ತು ದಾಟಿದ ಆಜೆಯ ಉತ್ತರ ನೇರವಾಗಿದೆ. ಮಾರ್ಚ್ ಒಂದರಿಂದ ದೇಶಕ್ಕೆಲ್ಲ ಒಂದೇ ಸಮಯ ಎಂದು ಪೂರ್ವದ ಊರುಗಳ ಗಡಿಯಾರಗಳನ್ನು ಒಂದು ಗಂಟೆ ಹಿಂದಕ್ಕೆ ತಿರುಗಿಸಿದರು. ಆಜೆ ತಿರುಗಿಸಲಿಲ್ಲ. "ನನ್ನ ಹಸು ಮಾರ್ಚ್ ಒಂದು ಅಂತ ಓದ್ಕೊಂಡಿಲ್ಲ. ಅದು ಹಳೇ ಹೊತ್ತಿಗೇ ಕೂಗುತ್ತೆ, ನಾನು ಹಳೇ ಹೊತ್ತಿಗೇ ಏಳ್ತೀನಿ" ಎನ್ನುತ್ತಾರೆ.

ಹೊಸ ಸಮಯ ಹಿಡಿದಿರುವುದು ಮಗ ಮೌಲೆನ್. ಅವರು ಬಸ್ ಚಾಲಕ. ಬಸ್ಸು ಯಾರ ಹಸುವಿಗೂ ಕಾಯುವುದಿಲ್ಲ.

ಇಂದಿನ ತುರ್ತು ಆಜೆಯ ತಮ್ಮ ಶಾಕೆನ್ ಅವರದು. ಎರಡು ತಂತಿಯ ದೊಂಬ್ರ ವಾದ್ಯ ಹಿಡಿದು ಎದುರಾಳಿಯ ಮುಂದೆ ಕುಳಿತು, ಕುಳಿತಲ್ಲೇ ಪದ ಕಟ್ಟಿ ಹಾಡುವ ಐತಿಸ್ ಸ್ಪರ್ಧೆಯಲ್ಲಿ ಅವರು ಜೀವಮಾನವಿಡೀ ಹಾಡಿದವರು. ಈ ಸಲದ್ದೇ ಕೊನೆ ಎಂದು ಹೇಳಿಬಿಟ್ಟಿದ್ದಾರೆ. ಕೊನೆಯ ಸುತ್ತು ಇಂದು ಹನ್ನೊಂದಕ್ಕೆ ರಾಜಧಾನಿಯಿಂದ ನೇರ ಪ್ರಸಾರ. ಅದೇ ಹೊತ್ತಿಗೆ ನದಿಯಾಚೆ ಮರಿಮಗನ ಕಾಲಿನ ದಾರ ಕತ್ತರಿಸುವ ಶಾಸ್ತ್ರ. ಹೆಜ್ಜೆ ಕಲಿಯುವ ಮಗುವಿನ ಕಾಲಿಗೆ ಕಟ್ಟಿದ ದಾರವನ್ನು ಯಾರು ಕತ್ತರಿಸುತ್ತಾರೋ ಮಗು ಅವರಂತೆ ನಡೆಯುತ್ತದಂತೆ. ಕತ್ತರಿ ಆಜೆಯ ಕೈಗೆ ಎಂದು ತೀರ್ಮಾನವಾಗಿದೆ. ಹೋಗದಿರುವಂತಿಲ್ಲ. ತಮ್ಮನ ಹಾಡನ್ನು ಪೆಟ್ಟಿಗೆಯೇ ಹಿಡಿದಿಡಬೇಕು.

ಹಿಂದಿನ ಶನಿವಾರದ ಸುತ್ತನ್ನು ಅದು ಹಿಡಿಯಲಿಲ್ಲ. ಸಂಜೆ ಹಾಕಿ ನೋಡಿದರೆ ಹವಾಮಾನ ವರದಿ, ಆಮೇಲೆ ಹಿಟ್ಟಿನ ಜಾಹೀರಾತು. ತಮ್ಮ ಎದ್ದು ಹೋಗಿ ಬಹಳ ಹೊತ್ತಾಗಿತ್ತು.

ಯಾಕೆ ಹಾಗಾಯಿತು? ತಪ್ಪು ಬರೆಯಬಾರದೆಂದು ಇದನ್ನು ಕಲಾಮ್‌ಕಾಸ್ ಅವರಿಂದ ಎರಡು ಸಲ ಹೇಳಿಸಿಕೊಂಡೆ. ಪೆಟ್ಟಿಗೆ ಆಗಿನ್ನೂ ಹಳೆಯ ಸಮಯದಲ್ಲಿ, ಅಂದರೆ ಒಂದು ಗಂಟೆ ಮುಂದೆ ಓಡುತ್ತಿತ್ತು. ಅದನ್ನು ತಿಳಿದೇ ಆಜೆ ಹನ್ನೊಂದರ ಕಾರ್ಯಕ್ರಮಕ್ಕೆ ಹನ್ನೆರಡು ಎಂದು ಒತ್ತಿಟ್ಟರು. ಅವರ ಲೆಕ್ಕ ಸರಿ. ಆ ಶನಿವಾರ ಬೆಳಿಗ್ಗೆ ಮೌಲೆನ್ ಪೆಟ್ಟಿಗೆಯ ಗಡಿಯಾರವನ್ನು ಹೊಸ ಸಮಯಕ್ಕೆ ತಂದಿಟ್ಟರು. ಅದೂ ಸರಿ. ಅಮ್ಮ ಒತ್ತಿಟ್ಟ ಹನ್ನೆರಡು ಮಾತ್ರ ಹಾಗೇ ಉಳಿಯಿತು. ಇಬ್ಬರೂ ಒಬ್ಬರಿಗೊಬ್ಬರು ಹೇಳದೆ ಸರಿಮಾಡಿದ್ದರಿಂದ ತಪ್ಪಾಯಿತು. ಅಷ್ಟಕ್ಕೇ ನಿಲ್ಲಲಿಲ್ಲ. ವಾರವಿಡೀ ಅದೇ ಗಡಿಯಾರವನ್ನು ಅಮ್ಮ ಮುಂದಕ್ಕೆ, ಮಗ ಹಿಂದಕ್ಕೆ ತಿರುಗಿಸಿದ್ದೇ.

"ನೀನ್ಯಾಕೋ ಮುಟ್ಟಿದ್ದು?" ಎಂದು ಆಜೆ ಈಗಲೂ ಕೇಳುತ್ತಾರೆ.

"ನೀನು ಮುಟ್ಟಿದ್ದಕ್ಕೇ ಮುಟ್ಟಿದ್ದಮ್ಮ."

"ನಲವತ್ತು ಮನೆಗಳಲ್ಲಿ ಇದೇ ಜಗಳ" ಎಂದು ಕಲಾಮ್‌ಕಾಸ್ ನನ್ನ ಕಡೆ ತಿರುಗುತ್ತಾರೆ. "ಪೆಟ್ಟಿಗೆಗೇನೂ ರೋಗ ಇರಲ್ಲ."

ಅರವತ್ತರ ಸಮೀಪದ ಕಲಾಮ್‌ಕಾಸ್ ಮೊದಲು ಊರಿನ ಟಿವಿ ರಿಪೇರಿ ಕಾರ್ಖಾನೆಯಲ್ಲಿದ್ದರು. ಅದು ಮುಚ್ಚಿದ ಮೇಲೆ ಚೀಲ ಹೆಗಲಿಗೇರಿಸಿ ಮನೆಮನೆ ತಿರುಗಿದರು. ಮಾರ್ಚ್‌ನಲ್ಲಿ ದಿನಕ್ಕೆ ಹತ್ತು ಹನ್ನೆರಡು ಮನೆ, ಈಗ ಮೂರೋ ನಾಲ್ಕೋ. ಕೆಲವು ಪೆಟ್ಟಿಗೆಗಳಲ್ಲಿ ಗುಂಡಿಯಂಥ ಪುಟ್ಟ ಬ್ಯಾಟರಿ ಸತ್ತಿರುತ್ತದೆ. ಕರೆಂಟು ಹೋಗಿಬಂದರೆ ಸಾಕು, ಅಂಥ ಪೆಟ್ಟಿಗೆ ತಾನು ಹುಟ್ಟಿದ ವರ್ಷಕ್ಕೆ ಹಿಂತಿರುಗುತ್ತದೆ. ಆ ಬ್ಯಾಟರಿಗಳನ್ನು ಅವರು ಒಳಜೇಬಿನಲ್ಲಿ ಮೈಗೆ ತಾಗಿಸಿ ಒಯ್ಯುತ್ತಾರೆ, ಇಲ್ಲಿನ ಚಳಿಗೆ ಜೀವ ಬಿಡಬಾರದೆಂದು. ಮಂಜುಗಡ್ಡೆಯ ಮೇಲೆ ಜಾರಿ ಬಿದ್ದ ಮೊಣಕಾಲು ಇನ್ನೂ ನೋಯುತ್ತದೆ. ಅದಕ್ಕಿಂತ ನೋಯುವುದು ಜನರ ಮಾತು. "ಗಡಿಯಾರ ತಿರುಗಿಸೋದೂ ಒಂದು ಕೆಲಸಾನಾ ಅಂತಾರೆ. ಹೌದಪ್ಪ, ತಿರುಗಿಸೋದು ಕೆಲಸ ಅಲ್ಲ. ತಿರುಗಿಸಿದ್ದನ್ನ ಹಾಗೇ ಉಳಿಸೋದು ಕೆಲಸ."

ಚಹಾ ಮುಗಿಯುತ್ತದೆ. ಈಗ ರಿಮೋಟ್ ಹಿಡಿಯುತ್ತಾರೆ. ಅಂಕಿಗಳನ್ನು ಕೈಯಿಂದ ತಿದ್ದುವುದಿಲ್ಲ. ಪೆಟ್ಟಿಗೆ ಯಾವ ಸಮಯವಲಯದ್ದೆಂದು ಆರಿಸಿ, ಉಳಿದದ್ದನ್ನು ಉಪಗ್ರಹದ ಸಂಕೇತಕ್ಕೆ ಬಿಡುತ್ತಾರೆ. ಹಳೆಯ ಹನ್ನೆರಡನ್ನು ಅಳಿಸಿ ಹನ್ನೊಂದು ಇಡುತ್ತಾರೆ. ಕಾರ್ಯಕ್ರಮ ಮುಗಿಯುವ ಹೊತ್ತಿಗೆ ಇನ್ನೂ ಒಂದು ಗಂಟೆ ಸೇರಿಸುತ್ತಾರೆ. ಯಾಕೆಂದು ಮೌಲೆನ್ ಕೇಳಿದಾಗ ಅವರ ಉತ್ತರ: "ಹಾಡೋರು ಗಡಿಯಾರ ನೋಡ್ಕೊಂಡು ನಿಲ್ಲಿಸ್ತಾರೇನಪ್ಪ?"

ಕೊನೆಗೆ ಚೀಲದಿಂದ ಕಪ್ಪು ಟೇಪು ತೆಗೆದು ಹಸಿರು ಅಂಕಿಗಳ ಮೇಲೆ ಅಂಟಿಸುತ್ತಾರೆ. ಸರಿಮಾಡಿದ ಗಡಿಯಾರ ಕಾಣದಾಗುತ್ತದೆ.

"ಕುದುರೆ ಕಣ್ಣು ಕಟ್ಟಿಬಿಟ್ಯಲ್ಲೇ" ಎನ್ನುತ್ತಾರೆ ಆಜೆ.

"ದಾರಿ ಅದಕ್ಕೆ ಗೊತ್ತು ಆಜೆ. ನಿಮ್ಮಿಬ್ಬರ ಕಣ್ಣಿಗೆ ಕಟ್ಟೋಕಾಗಲ್ಲ, ಅದಕ್ಕೇ ಇದಕ್ಕೆ ಕಟ್ಟಿದ್ದು."

ಗೋಡೆಯ ಗಡಿಯಾರವನ್ನು ಅವರು ಮುಟ್ಟುವುದಿಲ್ಲ. ಅದು ಆಜೆಯದು.

ಮಧ್ಯಾಹ್ನ ದಾರ ಕತ್ತರಿಸಿ ಬಂದ ಆಜೆ ಕೋಟು ಕೂಡ ಬಿಚ್ಚದೆ ಟಿವಿಯ ಮುಂದೆ ಕೂರುತ್ತಾರೆ. ಕಲಾಮ್‌ಕಾಸ್‌ಗೂ ಹೇಳಿಕಳಿಸಿದ್ದಾರೆ. ಅವರು ಬಾಗಿಲ ಹತ್ತಿರವೇ ನಿಂತಿದ್ದಾರೆ, ಕೈ ಒಳಜೇಬಿನ ಮೇಲೆ. ಮೌಲೆನ್ ಗುಂಡಿ ಒತ್ತುತ್ತಾರೆ. ನಿರೂಪಕ ಬರುತ್ತಾನೆ, ಚಪ್ಪಾಳೆ ಬರುತ್ತದೆ, ಶಾಕೆನ್ ಬರುತ್ತಾರೆ. ಬಾಗಿಲ ಬಳಿ ಒಂದು ಉಸಿರು ಹೊರಬೀಳುವುದು ನನಗೆ ಕೇಳಿಸುತ್ತದೆ.

ಶಾಕೆನ್ ಗೆಲ್ಲುವುದಿಲ್ಲ. ಎದುರಾಳಿ ಹುಡುಗಿ ಚುರುಕು. ಹೊತ್ತು ಮೀರಿ, ಬಹುಮಾನ ಹಂಚಿದ ಮೇಲೆ ಮುದುಕ ಮತ್ತೆ ದೊಂಬ್ರ ಎತ್ತುತ್ತಾರೆ. ಕಲಾಮ್‌ಕಾಸ್ ಸೇರಿಸಿದ್ದ ಗಂಟೆಯೊಳಗೆ ಬಂದ ಹಾಡು ಇದು:

ಊರೆಲ್ಲ ಗಂಟೆ ತಿರುಗಿಸಿದರೂ ತಿರುಗದವಳು ಒಬ್ಬಳೇ,
ತಮ್ಮನ ಮೊದಲ ಹಾಡಿಗೆ ತಲೆದೂಗಿದವಳೂ ಅವಳೇ;
ಗೋಡೆಗೆ ತೂಗುವೆ ದೊಂಬ್ರ, ಸಾಕೆನ್ನುತಿದೆ ತಂತಿ,
ಅಕ್ಕಾ, ಚಹಾಕ್ಕೆ ನೀರಿಡು, ನಿನ್ನ ಹೊತ್ತಿಗೇ ಬರುವೆ ನಾಳೆ.

ಆಜೆ ಮತ್ತೊಮ್ಮೆ ಹಾಕು ಎಂದು ಕೈಯಲ್ಲೇ ತೋರಿಸುತ್ತಾರೆ. ಮೌಲೆನ್ ಮತ್ತೊಮ್ಮೆ ಹಾಕುತ್ತಾರೆ.

ನಿಮಗೇನು ಆಸೆ ಎಂದು ನಾನು ಕಲಾಮ್‌ಕಾಸ್ ಅವರನ್ನು ಕೇಳಿದ್ದು ಆಗ. ಕೇಳಬಾರದ ಹೊತ್ತಿನಲ್ಲಿ ಕೇಳಿದೆನೇನೋ. ಅವರು ಸಣ್ಣ ದನಿಯಲ್ಲಿ ಹೇಳಿದರು: "ನನ್ನ ಕೆಲಸ ಚೆನ್ನಾಗಿದ್ರೆ ಯಾರೂ ಮತ್ತೆ ಕರೆಯಲ್ಲ. ಏನೂ ಕೆಡದೇ ಇದ್ದಾಗಲೂ ಒಂದ್ಸಲ ಕರೀಲಿ, ಅಷ್ಟೇ."

ಆಜೆಯ ಕಿವಿ ಚುರುಕು. ತಿರುಗಿ ನೋಡದೆಯೇ ಹೇಳುತ್ತಾರೆ: "ನಾಳೆ ನನ್ನ ತಮ್ಮ ಬರ್ತಾನೆ. ನೀನೂ ಚಹಾಕ್ಕೆ ಬಾ. ಚೀಲ ತರಬೇಡ."

"ಎಷ್ಟು ಗಂಟೆಗೆ ಆಜೆ?"

ಆಜೆ ಗೋಡೆಯ ಕಡೆ ಬೆರಳು ತೋರುತ್ತಾರೆ. ಕಲಾಮ್‌ಕಾಸ್ ತಮ್ಮ ಕೈಗಡಿಯಾರ ಬಿಚ್ಚಿ ಒಂದು ಗಂಟೆ ಮುಂದಕ್ಕೆ ತಿರುಗಿಸಿಕೊಳ್ಳುತ್ತಾರೆ.