ತೋಳು ನೋಡಿದವಳು

ಮೊನ್ನೆ ಮೊಮ್ಮಗಳು ಬಳೆಯ ಪೆಟ್ಟಿಗೆ ಬಿಚ್ಚಿದಾಗ ಒಳಗಿನ ಒಣಹುಲ್ಲಿನ ವಾಸನೆ ಬಂತು. ಅವಳು ಒಂದೊಂದೇ ಬಳೆ ತೊಡುತ್ತಿದ್ದಳು. ನಾನು ಎದ್ದು ಒಳಗೆ ಹೋದೆ. ರಾಯದುರ್ಗದ ನಮ್ಮ ಓಣಿಗೆ ಬರುತ್ತಿದ್ದ ಬಳೆಗಾರ್ತಿ ಕಣ್ಣ ಮುಂದೆ ಬಂದು ನಿಂತಿದ್ದಳು...

ಮದರಾಸು ಸರ್ಕಾರದ ಕೊನೆಯ ವರ್ಷಗಳು. ನಾನು ಸೊಸೆಯಾಗಿ ಬಂದಾಗ ಮನೆಯಲ್ಲಿ ಅತ್ತೆ ಇರಲಿಲ್ಲ. ಹನ್ನೊಂದು ವರ್ಷದ ನಾದಿನಿ ಇದ್ದಳು. ಅವಳ ಕಣ್ಣು ಹಳದಿಯಾಗುತ್ತಿತ್ತು, ತಿಳಿಯಾಗುತ್ತಿತ್ತು, ಮತ್ತೆ ಹಳದಿಯಾಗುತ್ತಿತ್ತು. ಕಾಮಣಿ ಎಂದ ನಾಟಿ ಪಂಡಿತರು ಎಣ್ಣೆ, ತುಪ್ಪ, ಹಾಲು, ಬೇಳೆ ಯಾವುದೂ ಬೇಡ, ನುಚ್ಚಿನ ಗಂಜಿ ಸಾಕು ಎಂದಿದ್ದರು. ಆ ಪಥ್ಯವನ್ನು ನಾನು ಒಂದು ದಿನವೂ ತಪ್ಪಿಸಲಿಲ್ಲ. ಅದರ ಬಗ್ಗೆ ಹೆಮ್ಮೆಯೂ ಇತ್ತು. "ಅತ್ತಿಗಿ, ಒಂದೀಟ ಬ್ಯಾಳಿ ಹಾಕ್ತಿಯೇನ?" ಎಂದು ಅವಳು ತಟ್ಟೆ ಚಾಚಿದರೆ ಪಾತ್ರೆಯನ್ನು ಹಿಂದಕ್ಕೆ ಸರಿಸುತ್ತಿದ್ದೆ. ಅವಳ ಹೊಟ್ಟೆ ಮುಂದೆ ಬರುತ್ತಿತ್ತು. ಮೈ ತುಂಬಿಕೊಳ್ಳುತ್ತಿದ್ದಾಳೆ ಎಂದೇ ನಾವು ತಿಳಿದಿದ್ದೆವು.

ಆ ವರ್ಷ ಬಳೆಗಾರ್ತಿ ಕಟ್ಟೆಯ ಮೇಲೆ ಕೂತು ಹುಡುಗಿಯ ಕೈ ಹಿಡಿದಳು. ಹಿಂದಿನ ವರ್ಷ ತಾನೇ ತೊಡಿಸಿದ್ದ ಬಳೆಗಳನ್ನು ಮೇಲಕ್ಕೆ ಸರಿಸಿದಳು. ಅವು ಮೊಣಕೈ ದಾಟಿ ಹೋದವು.

"ಅಕ್ಕಾರ, ಹೊಟ್ಟಿ ನೋಡಬ್ಯಾಡ್ರಿ, ತೋಳು ನೋಡ್ರಿ," ಎಂದಳು ಮೆಲ್ಲಗೆ. "ಹುಡುಗಿ ಕರಗಾಕ ಹತ್ಯಾಳ. ಉಣ್ಣಾಕ ಹಾಕ್ರಿ."

ಪಕ್ಕದಲ್ಲಿ ಓಣಿಯ ಇಬ್ಬರು ಹೆಂಗಸರು ಕೂತಿದ್ದರು. ನನ್ನ ಮುಖ ಬಿಸಿಯಾಯಿತು. "ನಮ್ಮ ಮನ್ಯಾಗ ಉಣ್ಣಾಕ ಗತಿಯಿಲ್ಲ ಅಂತೀಯೇನ? ಎದ್ದು ನಡಿ," ಎಂದೆ. ಅವಳು ಬಳೆಯ ಗಂಟು ಕಟ್ಟಿಕೊಂಡಳು. ನಾನು ಅಷ್ಟಕ್ಕೇ ಬಿಡಲಿಲ್ಲ. ಅವಳ ಕಣ್ಣು ಕೆಟ್ಟದ್ದು ಎಂದು ಮನೆಮನೆಗೆ ಹೇಳಿದೆ. ಆಮೇಲೆ ನಮ್ಮ ಓಣಿಯಲ್ಲಿ ಅವಳನ್ನು ಯಾರೂ ಕರೆಯಲಿಲ್ಲ.

ಮುಂದಿನ ತಿಂಗಳು ಹುಡುಗಿ ಹಾಸಿಗೆ ಹಿಡಿದಳು. ರೈಲಿನಲ್ಲಿ ಬಳ್ಳಾರಿಯ ಆಸ್ಪತ್ರೆಗೆ ಕರೆದೊಯ್ದೆವು. ಅಲ್ಲಿ ತೂಗಿದಾಗ, ತೂಕ ಹೆಚ್ಚಾಗಿದೆ ಎಂದು ನನ್ನ ಗಂಡ ಸಮಾಧಾನಪಟ್ಟರು. ಅದು ಹೊಟ್ಟೆಯಲ್ಲಿ ತುಂಬಿದ ನೀರಿನ ತೂಕ ಎಂದರು ಡಾಕ್ಟರಮ್ಮ. ಎರಡೇ ಬೆರಳಲ್ಲಿ ಅವಳ ತೋಳನ್ನು ಬಳಸಿ ಹಿಡಿದು, ಎಷ್ಟು ದಿನದಿಂದ ಈ ಮಗುವನ್ನು ಉಪವಾಸ ಕೆಡವಿದ್ದೀರಿ ಎಂದು ಕೇಳಿದರು. ಲಿವರಿನ ಹಳೆಯ ಕಾಯಿಲೆ, ಪೂರ್ತಿ ಹೋಗಲಾರದು. ಆದರೆ ಇಂಥ ಮಕ್ಕಳಿಗೆ ಉಳಿದವರಿಗಿಂತ ಹೆಚ್ಚು ಊಟ ಬೇಕು, ಹಾಲು, ಬೇಳೆ ಸ್ವಲ್ಪಸ್ವಲ್ಪವಾಗಿ ಮತ್ತೆಮತ್ತೆ ಕೊಡಿ ಎಂದರು.

ಅವರು ಹೇಳಿದಂತೆಯೇ ಉಣ್ಣಿಸಿದೆ. ನಾಲ್ಕೈದು ತಿಂಗಳಲ್ಲಿ ಹುಡುಗಿ ಓಡಾಡುವಂತಾದಳು. ಒಂದು ದಿನ ಸಂತೆಯಲ್ಲಿ ಬಳೆಗಾರ್ತಿ ಎದುರಾದಳು.

"ಕೂಸು ಆರಾಮ ಅದಾಳೇನ್ರಿ, ಅಕ್ಕಾರ?" ಎಂದು ಅವಳೇ ಕೇಳಿದಳು.

ನೀನು ಹೇಳಿದ್ದೇ ನಿಜವಾಯಿತು ಎನ್ನಬಹುದಿತ್ತು. ನಾನು ಸೆರಗು ಮುಂದಕ್ಕೆಳೆದುಕೊಂಡು, ಕೇಳಿಸದವಳ ಹಾಗೆ ಹುಡುಗಿಯನ್ನು ಎಳೆದುಕೊಂಡು ಬಂದೆ. ಹುಡುಗಿ ತಿರುತಿರುಗಿ ನೋಡುತ್ತಿದ್ದಳು...

ಮರುವರ್ಷ ಅದೇ ಲಿವರಿನ ಕಾಯಿಲೆ ಮರುಕಳಿಸಿ ಹುಡುಗಿ ತೀರಿಕೊಂಡಳು. ಬಳೆಗಾರ್ತಿ ಡಿ. ಹಿರೇಹಾಳಿನ ಕಡೆ ಹೋದಳೆಂದು ಯಾರೋ ಹೇಳಿದರು. ನಾನು ಹುಡುಕಿಕೊಂಡು ಹೋಗಲಿಲ್ಲ. ಈಗ ಅವಳೂ ಇರಲಾರಳು. ಮನೆಗೆ ಯಾರಾದರೂ ಬಂದರೆ ಮಕ್ಕಳು ನನ್ನನ್ನು ತೋರಿಸಿ, ನಾದಿನಿಯನ್ನು ಹೆತ್ತ ಮಗಳಂತೆ ಸಾಕಿದವಳು ಎನ್ನುತ್ತಾರೆ. ಅಲ್ಲ ಎಂದು ನಾನು ಈವರೆಗೂ ಹೇಳಿಲ್ಲ.