ಬೇಡಿಕೆ ಎಂಬ ಮಾತು

ಯುದ್ಧದ ದಿನಗಳಲ್ಲಿ ಒಮ್ಮೆ, ಸ್ವಾತಂತ್ರ್ಯ ಚಳವಳಿಯ ಗದ್ದಲದಿಂದ ಕಾಲೇಜುಗಳು ತಿಂಗಳುಗಟ್ಟಲೆ ಮುಚ್ಚಿದವು. ನಾನು ಅದರ ಹಿಂದಿನ ವರ್ಷವೇ ಅರ್ಥಶಾಸ್ತ್ರದಲ್ಲಿ ಬಿ.ಎ. ಮುಗಿಸಿ, ಗೋಕಾಕದ ಮನೆಯಲ್ಲಿ ನೌಕರಿಗೆ ಅರ್ಜಿ ಬರೆಯುತ್ತ ಕೂತಿದ್ದೆ. ಇಂಟರ್ ಓದುತ್ತಿದ್ದ ಐವರು ನನ್ನನ್ನು ಹುಡುಕಿಕೊಂಡು ಬಂದರು. ಇಬ್ಬರು ನಮ್ಮೂರಿನವರು, ಇಬ್ಬರು ಹುಕ್ಕೇರಿಯವರು, ಒಬ್ಬ ಮೂಡಲಗಿಯವನು. ಹೊರಗಿನ ಮೂವರು ಇಲ್ಲಿಯೇ ನೆಂಟರ ಮನೆಯಲ್ಲಿ ಉಳಿದಿದ್ದರು. ಪರೀಕ್ಷೆ ಎಂದಾದರೂ ನಡೆದೇ ನಡೆಯುತ್ತದೆ, ಅರ್ಥಶಾಸ್ತ್ರದ ಮೂಲತತ್ವಗಳನ್ನಷ್ಟು ಹೇಳಿಕೊಡಿ ಎಂದರು. ಪರಿಚಯದ ವಕೀಲರೊಬ್ಬರು ತಮ್ಮ ಮನೆಯ ಮೇಲಿನ ಕೋಣೆಯನ್ನು ಬಿಟ್ಟುಕೊಟ್ಟರು.

ಐದಾರು ಮಂದಿ ಒಂದೆಡೆ ಸೇರಿದರೆ ಸಾಕು, ಸಂಶಯ ಹುಟ್ಟುವ ಕಾಲ ಅದು. ನಮ್ಮ ಓಣಿಯ ಶಾಲಾ ಮಾಸ್ತರರೊಬ್ಬರನ್ನು ಕರಪತ್ರ ಇಟ್ಟುಕೊಂಡಿದ್ದರೆಂದು ಪೊಲೀಸರು ಒಯ್ದು ಎರಡು ತಿಂಗಳಾಗಿತ್ತು. ಅವರ ಹೆಂಡತಿ ಬಾಗಿಲಲ್ಲಿ ನಿಂತು ಹೋಗಿಬರುವವರನ್ನೆಲ್ಲ ಏನಾದರೂ ಸುದ್ದಿ ಇದೆಯೇ ಎಂಬಂತೆ ನೋಡುತ್ತಿದ್ದರು. ನಾನು ಆ ಮನೆಯ ಮುಂದೆ ಹಾಯುವುದನ್ನೇ ಬಿಟ್ಟಿದ್ದೆ. ಅಪ್ಪನಂತೂ, "ಪುಸ್ತಕದಾಗ ಇದ್ದದ್ದಷ್ಟ ಹೇಳು. ಒಂದ ಮಾತು ಹೆಚ್ಚ ಆಡಬ್ಯಾಡ" ಎಂದು ದಿನವೂ ಎಚ್ಚರಿಸುತ್ತಿದ್ದರು.

ಪಾಠ ಶುರುವಾದ ಮೂರನೆಯ ವಾರ ನಡುವಯಸ್ಸಿನವರೊಬ್ಬರು ಮೆಟ್ಟಿಲೇರಿ ಬಂದರು. ಕರಿ ಟೊಪ್ಪಿಗೆ, ಕೈಯಲ್ಲಿ ಕೊಡೆ.

"ನಮ್ಮ ತಂಗೀ ಮಗನ್ನ ಬರೂ ವರ್ಷ ಕಾಲೇಜಿಗೆ ಹಾಕೂದೈತ್ರಿ. ಹೆಂಗ ಕಲಸ್ತಾರ ಅಂತ ನೋಡಾಕ ಬಂದೇನಿ" ಎಂದು ಬಾಗಿಲ ಬಳಿ ಕುಳಿತರು. ಯಾರೂ ಹೆಸರು ಕೇಳಲಿಲ್ಲ. ಅಂದು ನಾನು ಪಾಠ ಮಾಡುತ್ತಿದ್ದಾಗ ಅವರು ಚಿಕ್ಕ ವಹಿಯೊಂದರಲ್ಲಿ ಪೆನ್ಸಿಲಿನಿಂದ ಏನೋ ಬರೆದುಕೊಂಡರು. ನಾನು ಮಾತು ನಿಲ್ಲಿಸಿದರೆ ಪೆನ್ಸಿಲ್ ನಿಲ್ಲುತ್ತಿತ್ತು. ಮತ್ತೆ ಶುರು ಮಾಡಿದರೆ ಅದೂ ಶುರುವಾಗುತ್ತಿತ್ತು.

ಮರುದಿನವೂ ಬಂದರು. ಅದರ ಮರುದಿನವೂ.

ಆ ವಾರದ ಪಾಠ ಬೇಡಿಕೆ ಮತ್ತು ಪೂರೈಕೆ. ಪಠ್ಯ ಇಂಗ್ಲಿಷಿನಲ್ಲಿತ್ತು. ನಾನು ಕನ್ನಡದಲ್ಲಿ ಬಿಡಿಸಿ ಹೇಳುತ್ತಿದ್ದೆ. ಬೆಲೆ ಇಳಿದರೆ ಬೇಡಿಕೆ ಏರುತ್ತದೆ, ಬೆಲೆ ಏರಿದರೆ ಬೇಡಿಕೆ ಇಳಿಯುತ್ತದೆ ಎಂದು ಹಲಗೆಯ ಮೇಲೆ ಗೆರೆ ಎಳೆದು ತೋರಿಸುತ್ತಿದ್ದಾಗ ಮೂಡಲಗಿಯ ಹುಡುಗ ಎದ್ದು ನಿಂತ.

"ಸರ್, ಸರಕಾರ ಜ್ವಾಳಕ್ಕ ಕಡಿಮಿ ದರ ಕಟ್ಟೇತ್ರಿ. ಅವತ್ತಿಂದ ಸಂತ್ಯಾಗ ಜ್ವಾಳನ ಕಾಣವಲ್ದು. ಅದು ಎಲ್ಲಿ ಹೋತ್ರಿ?"

ಉತ್ತರ ಹಲಗೆಯ ಮೇಲೆಯೇ ಇತ್ತು. ಬೇಡಿಕೆ, ಪೂರೈಕೆಯ ಅದೇ ಎರಡು ಗೆರೆ, ಅವು ಕೂಡುವ ಬಿಂದುವಿನ ಕೆಳಗೆ ಅಡ್ಡಲಾಗಿ ಸರಕಾರದ ದರದ ಇನ್ನೊಂದು ಗೆರೆ ಎಳೆದಿದ್ದರೆ ಸಾಕಾಗಿತ್ತು. ನಾನು ಬಾಗಿಲ ಕಡೆ ನೋಡಿದೆ. ಪೆನ್ಸಿಲ್ ಕಾಯುತ್ತಿತ್ತು.

"ಅದು ಈ ಪಾಠದಾಗ ಬರೂದಿಲ್ಲ. ಕುಂದ್ರು" ಎಂದೆ. ಹುಡುಗ ಕುಳಿತ. ಅವನಿಗೆ ಸಿಟ್ಟು ಬರಲಿಲ್ಲ. ನನ್ನನ್ನು ಒಂದು ಕ್ಷಣ ನೋಡಿ, ತಲೆ ತಗ್ಗಿಸಿದ. ಆ ನೋಟವನ್ನು ನನಗೆ ತಡೆದುಕೊಳ್ಳಲಾಗಲಿಲ್ಲ.

ಸೋಮವಾರ ಬೆಳಿಗ್ಗೆ ಪೊಲೀಸನೊಬ್ಬ ಮನೆಗೆ ಬಂದು, ಫೌಜದಾರ ಸಾಹೇಬರು ಕರೆದಿದ್ದಾರೆ, ಪಾಠದ ಕಾಗದಗಳನ್ನೂ ತರಬೇಕಂತೆ ಎಂದ. ಅಮ್ಮ ಒಳಗಿನಿಂದ ಉಣ್ಣೆಯ ಶಾಲು ತಂದು ಹೆಗಲಿಗೆ ಹಾಕಿದಳು. ಬಿಸಿಲು ಏರಿತ್ತು. ಆದರೂ ನಾನು ಬೇಡವೆನ್ನಲಿಲ್ಲ. ಎಷ್ಟು ದಿನಕ್ಕೆ ಹೋಗುತ್ತಿದ್ದೇನೆಂದು ಅವಳು ತಿಳಿದಿದ್ದಳೋ!

ಫೌಜದಾರರ ಮೇಜಿನ ಮೇಲೆ ಆ ಚಿಕ್ಕ ವಹಿ ಇತ್ತು. ಕರಿ ಟೊಪ್ಪಿಗೆಯವರು ಗೋಡೆಗೆ ಒರಗಿ ನಿಂತಿದ್ದರು.

"ಏನ್ರಿ ಮಾಸ್ತರ, ದಿನಾ ಬೇಡಿಕಿ ಏರತೈತಿ, ಬೇಡಿಕಿ ಏರತೈತಿ ಅಂತ ಹೇಳಾಕತ್ತೀರಂತ. ಇದು ಯಾರ ಬೇಡಿಕಿ? ಯಾರ ಮುಂದ ಇಡಾವರದೀರಿ?" ಎಂದು ಫೌಜದಾರರು ಕೇಳಿದರು.

ಮೊದಲು ನನಗೆ ಅರ್ಥವೇ ಆಗಲಿಲ್ಲ. ಅರ್ಥವಾದಾಗ ನಗು ಬರಬೇಕಿತ್ತು, ಬರಲಿಲ್ಲ. ಕಾಗದ ಬಿಚ್ಚಿ ಗೆರೆಗಳನ್ನು ತೋರಿಸಿದೆ. ಮಾತು ತಡವರಿಸಿತು.

"ಇದು ಅಂಥಾ ಬೇಡಿಕಿ ಅಲ್ರಿ, ಸಾಹೇಬ್ರ. ಸಂತ್ಯಾಗ ಬದನಿಕಾಯಿ ಸೋವಿ ಆದ್ರ ಮನಿಯಾಕಿ ಒಂದ ಸೇರಿನ ಬದ್ಲಿ ಎರಡ ಸೇರ ತಗೊಂತಾಳ್ರಿ. ಅದಕ್ಕ ನಮ್ಮ ಶಾಸ್ತ್ರದಾಗ ಬೇಡಿಕಿ ಅಂತಾರ್ರಿ."

ಅವರು ಇನ್ನೆರಡು ಸಲ ಹೇಳಿಸಿದರು. ಮೂರನೆಯ ಸಲ ಹೇಳುವಾಗ ನನ್ನ ದನಿ ಸ್ವಲ್ಪ ಹಿಡಿತಕ್ಕೆ ಬಂತು. ಅವರು ಗೆರೆಯ ಮೇಲೆ ಬೆರಳಾಡಿಸಿದರು.

"ಹಂಗಾದ್ರ ಆ ಹುಡಗ ಕೇಳಿದ್ದು ಖರೆ ಪ್ರಶ್ನೆ ಐತಿ" ಎಂದರು. "ಜ್ವಾಳ ಎಲ್ಲಿ ಹೋತು? ನಮ್ಮ ಮನ್ಯಾಗೂ ಇಲ್ಲ. ಹೇಳ್ರಿ."

ಹೇಳಿದರೆ ಸರಕಾರವನ್ನು ದೂರಿದಂತೆ, ಹೇಳದಿದ್ದರೆ ಮುಚ್ಚಿಟ್ಟಂತೆ. ಕೊನೆಗೆ ಕಣ್ಣು ಕಾಗದದ ಮೇಲೆ ನೆಟ್ಟುಕೊಂಡೇ ಹೇಳಿದೆ.

"ಕಟ್ಟಿದ ದರ ಗಿಟ್ಟೂದಿಲ್ಲಂದ್ರ ಇದ್ದಾವರು ಮಾಲು ಹೊರಗ ತಗಿಯೂದಿಲ್ರಿ. ಕೊಳ್ಳಾವರು ಹೆಚ್ಚ ಆಗತಾರ್ರಿ. ಬರೇ ದರ ಕಟ್ಟಿದ್ರ ಸಾಲೂದಿಲ್ಲ, ಮಾಲನ್ನೂ ತರಿಸಿ ಹಂಚಬೇಕಾಗತೈತ್ರಿ."

ಅವರು ವಹಿಯನ್ನು ಮುಚ್ಚಿ ಮೇಜಿನ ಖಾನೆಯಲ್ಲಿಟ್ಟರು. "ಹೋಗ್ರಿ. ಇದನ್ನ ಚೌಕದಾಗ ನಿಂತು ಹೇಳಬ್ಯಾಡ್ರಿ" ಎಂದರು. ಪಾಠ ಮಾಡಬಹುದೋ ಬಾರದೋ ಎಂದು ಕೇಳುವ ಧೈರ್ಯ ನನಗಿರಲಿಲ್ಲ.

ಸುದ್ದಿ ಹರಡಿತ್ತು. ಹುಕ್ಕೇರಿಯಿಂದ ಆ ಇಬ್ಬರ ತಂದೆಯರು ಬಂದು ಮಕ್ಕಳನ್ನು ಕರೆದುಕೊಂಡು ಹೋದರು. ನಾನು ಅವರಲ್ಲಿ ತಪ್ಪು ಕಾಣಲಿಲ್ಲ. ಬುಧವಾರ ಹೋಗುವುದೋ ಬಿಡುವುದೋ ಎಂದು ವಕೀಲರ ಮನೆಯ ಮುಂದೆ ಎರಡು ಸಲ ಹಾಯ್ದು, ಕೊನೆಗೆ ಮೇಲೆ ಹತ್ತಿದೆ. ಮೂವರು ಕುಳಿತಿದ್ದರು. ಮೂಡಲಗಿಯ ಹುಡುಗನಿಗೆ, "ಅವತ್ತ ನಿನಗ ಸುಳ್ಳ ಹೇಳಿದ್ದೆ. ಅಂಜಿಕಿ ಬಂದಿತ್ತು" ಎಂದು ಹೇಳಿ, ಆ ಮೂರನೆಯ ಗೆರೆ ಎಳೆದೆ. ಸೀಮೆಸುಣ್ಣ ಎರಡು ಸಲ ಮುರಿಯಿತು. ಕೆಳಗೆ ಯಾರೋ ಮೆಟ್ಟಿಲು ತುಳಿದ ಸಪ್ಪಳವಾದಾಗ ನಾಲ್ವರೂ ಉಸಿರು ಹಿಡಿದೆವು. ವಕೀಲರ ಮನೆಯಾಕೆ ಮಜ್ಜಿಗೆ ತಂದಿದ್ದರು.

ಮಳೆಗಾಲದಲ್ಲಿ ಕಾಲೇಜು ತೆರೆಯುವವರೆಗೂ ಪಾಠ ನಡೆಯಿತು. ಮೂವರೂ ಒಂದೇ ಮೋಟಾರು ಬಸ್ಸಿನಲ್ಲಿ ಹೊರಟುಹೋದರು.