ಪಾಲಾಕ್ಷಣ್ಣನ ಮೊಳೆಯಿಲ್ಲದ ಡ್ರಾಯರ್

ನಮ್ಮ ಹೊಳೆನರಸೀಪುರದಲ್ಲಿ ಬಡಗಿಗಳಿಗೇನೂ ಬರವಿಲ್ಲ, ಆದರೆ ಪಾಲಾಕ್ಷಣ್ಣ ಮಾತ್ರ ಒಬ್ಬನೇ! ಮೊಳೆ ಹೊಡೆದ ಮರ ಕಂಡರೆ ಅವನಿಗೆ ತನ್ನ ಕಾಲಿಗೇ ಹೊಡೆದಷ್ಟು ಸಂಕಟ. ಮದುವೆಗೆ ಹೋದರೂ ಮೊದಲು ಊಟದ ಬೆಂಚು ವಾಲಿಸಿ, ಮೊಳೆ ಇದೆಯಾ ಅಂತ ಅದರ ಹೊಟ್ಟೆ ನೋಡುತ್ತಾನೆ. ಅವನ ಶೆಡ್ಡು ನಮ್ಮ ಮನೆಗೆ ಎದುರೇ ಇರುವುದರಿಂದ ಇದನ್ನೆಲ್ಲ ದಿನಾ ನೋಡುವ ಪುಣ್ಯ ನನ್ನದು.

ಹೋದ ವರ್ಷ ನಮ್ಮೂರ ರೇವಮ್ಮ ತಮ್ಮ ತೋಟದ ಹಲಸಿನ ಮರ ಕುಯ್ಯಿಸಿ ಹಲಗೆ ತಂದು ಅವನ ಶೆಡ್ಡಿಗೆ ಹಾಕಿದರು. ಮಗಳು ಮೇಘಶ್ರೀ ಹಾಸನದಲ್ಲಿ ಮನೆ ಕಟ್ಟಿಸಿದ್ದಳು. ಗೃಹಪ್ರವೇಶಕ್ಕೆ ಅವಳಿಗೊಂದು ಡ್ರಾಯರುಗಳ ಬೀರು ಕೊಡಬೇಕಿತ್ತು.

"ಮೊಳೆ ಒಡ್ದು ಮುಗ್ಸು ಪಾಲಾಕ್ಷ, ಬಿರ್ನೆ ಆಯ್ತದೆ."

"ಬ್ಯಾಡ ರೇವಕ್ಕ. ಮಳೆಗಾಲ್ದಲ್ಲಿ ಮರ ಉಬ್ತದೆ, ಬ್ಯಾಸ್ಗೇಲಿ ಕುಗ್ತದೆ. ಮೊಳೆ ಸಡ್ಲ ಆಗಿ, ಒಂದಿನ ಡ್ರಾಯರ್ ಎಳುದ್ರೆ ಮುಂದಿನ ಹಲ್ಗೆ ಮಾತ್ರ ಕೈಗ್ ಬತ್ತದೆ. ನಿನ್ ಮಗಳು ನನ್ನ ಬೈಕತಾಳೆ."

ಅವನು ಆರಿಸಿದ್ದು ಪಾರಿವಾಳದ ಬಾಲದ ಜೋಡಣೆ. ಪಕ್ಕದ ಹಲಗೆಯ ತುದಿಯನ್ನು ಬಾಲ ಹರಡಿದಂತೆ ಕೊರೆದು, ಮುಂದಿನ ಹಲಗೆಯ ಅಂಥದ್ದೇ ಕಚ್ಚಿಗೆ ಬಡಿದು ಕೂರಿಸುವುದು. ಎಷ್ಟು ಎಳೆದರೂ ಬಿಚ್ಚುವುದಿಲ್ಲ. ಬೇರೆಯವರು ಆ ತುದಿಗಳು ಎದುರಿಗೆ ಕಾಣದ ಹಾಗೆ ಮರೆಮಾಡುತ್ತಾರೆ. ಪಾಲಾಕ್ಷಣ್ಣ ಮರೆಮಾಡುತ್ತಾನಾ? ಚೆನ್ನಾಗಿ ಕಾಣಲಿ ಅಂತಲೇ ಮುಂದಕ್ಕೆ ಹಳದಿ ಹಲಸು, ಪಕ್ಕಕ್ಕೆ ತನ್ನಲ್ಲಿದ್ದ ಕೆಂಪು ಹೊನ್ನೆ ಹಾಕಿದ! ಹಳದಿ ಹಲಗೆಯ ಎರಡೂ ಅಂಚಿಗೆ ಕೆಂಪು ಬಾಲಗಳ ಸಾಲು.

ನೋಡಲು ಬಂದ ರೇವಮ್ಮ ಎದೆ ಮೇಲೆ ಕೈ ಇಟ್ಟುಕೊಂಡರು.

"ನಿನ್ ಮನೆ ಕಾಯ್ವಾಗ! ಒಸಾ ಬೀರುಗೆ ಮೂಲೆ ಮೂಲೆಗೂ ತ್ಯಾಪೆ ಆಕಿದ್ದೀಯಲ್ಲೋ!"

"ತ್ಯಾಪೆ ಅಲ್ಲ ಕಣಕ್ಕಾ, ಕಸುಬು!"

"ಬೀಗ್ರಿಗೇನ್ ಗೊತ್ತು ನಿನ್ ಕಸುಬು? ಉಳ ತಿಂದ ಮರ ಕೊಟ್ಟವ್ಳೆ ಅಂತಾರೆ. ಮೇಲ್ಗಡೆ ಮೈಕಾ ಶೀಟ್ ಅಂಟ್ಸು. ಇಲ್ದಿದ್ರೆ ಬೀರು ನೀನೇ ಮಡಿಕ್ಕೊ."

ಮೈಕಾ! ಪಾಲಾಕ್ಷಣ್ಣನ ಮುಖ ನೋಡಲಾಗಲಿಲ್ಲ. ಒಂದೊಂದು ಬಾಲವನ್ನೂ ಉಳಿಯಲ್ಲಿ ಕೆತ್ತಿ, ಊದಿ, ಸವರಿ ಕೂರಿಸಿದ್ದ. ಅದನ್ನೆಲ್ಲ ಈಗ ಹೂವಿನ ಚಿತ್ರದ ಪ್ಲಾಸ್ಟಿಕ್ಕಿನ ಕೆಳಗೆ ಹೂಳಬೇಕಾ?

ಒಂದು ಡ್ರಾಯರ್ ಎತ್ತಿಕೊಂಡ. ಹಿಡಿ ಕೂರಿಸಲು ಮುಂದಿನ ಹಲಗೆಯಲ್ಲಿ ಕೊರೆದಿದ್ದ ತೂತುಗಳಿಗೆ ಹಗ್ಗ ಪೋಣಿಸಿ ಶೆಡ್ಡಿನ ತೊಲೆಗೆ ಕಟ್ಟಿದ. ಡ್ರಾಯರ್ ಉದ್ದಕ್ಕೆ ನೇತಾಡಿತು. ಅದರ ಕೆಳಗಿನ ಅಂಚು ಹಿಡಿದು ಎರಡೂ ಕಾಲು ಎತ್ತಿಯೇ ಬಿಟ್ಟ! ಆಳು ಸಣ್ಣವನೂ ಅಲ್ಲ.

"ನೋಡಕ್ಕಾ! ಒಂದ್ ಮೊಳೆ ಇಲ್ಲ, ತೊಟ್ಟು ಗೋಂದಿಲ್ಲ!"

"ಇಳಿಯೋ, ಸೂರು ಬಿದ್ದೋಯ್ತದೆ!"

ಸೂರು ಬೀಳಲಿಲ್ಲ. ಹಗ್ಗ ಹರಿಯಿತು. ಪಾಲಾಕ್ಷಣ್ಣ ನೆಲಕ್ಕೆ, ಡ್ರಾಯರ್ ಅವನ ಹೊಟ್ಟೆಗೆ.

"ಸೊಂಟ ಏನಾಯ್ತೋ?"

"ಸೊಂಟ ಅಂಗಿರ್ಲಿ. ಮೂಲೆ ಬಿಟ್ಕತ್ತಾ ನೋಡಕ್ಕಾ!"

ರೇವಮ್ಮ ಉಗುರು ತೂರಿಸಿ ನೋಡಿದರು. ಕೂದಲೆಳೆಯಷ್ಟೂ ಸಂದಿಯಿಲ್ಲ. ಇನ್ನೊಂದು ಮೂಲೆಗೂ ತೂರಿಸಹೋದರು. ಉಗುರೇ ಮುರಿಯಿತು.

"ಸರಿ, ಮೈಕಾ ಬ್ಯಾಡ ಬುಡು. ಆದ್ರೆ ಬಂದೋರ್ಗೆಲ್ಲ ಇದು ತ್ಯಾಪೆ ಅಲ್ಲ ಅಂತ ನಾನು ಯೋಳ್ಕಂಡ್ ಕೂತ್ಕಳಕ್ಕಾಗಕ್ಕಿಲ್ಲ. ನೀನೇ ಬಂದು ಯೋಳು."

ಅವರು ಹೇಳಿದ್ದು ಚುಚ್ಚುಮಾತು. ಪಾಲಾಕ್ಷಣ್ಣನಿಗೆ ಅದೇ ಆಮಂತ್ರಣ. ಗೃಹಪ್ರವೇಶದ ದಿನ ಇಸ್ತ್ರಿ ಮಾಡಿದ ಶರ್ಟು ಹಾಕಿ, ಒಂದು ಕೈಲಿ ಸೊಂಟ ಹಿಡಿದುಕೊಂಡು, ಬೀರಿನ ಪಕ್ಕ ದ್ವಾರಪಾಲಕನ ಹಾಗೆ ನಿಂತ. ಬೀಗರು ಬಾಗಿಲು ದಾಟಿ ಬರುತ್ತಿದ್ದಂತೆ, ಅವರು ಕೇಳುವ ಮೊದಲೇ ಮೇಲಿನ ಡ್ರಾಯರ್ ಸರ್ರನೆ ಎಳೆದು ಕೈಗೆತ್ತಿಕೊಂಡ.

"ಇದು ತ್ಯಾಪೆ ಅಲ್ಲ ಸಾ, ಪಾರಿವಾಳದ ಬಾಲ!"

ಪೂಜೆಗೆ ಕೂತಿದ್ದ ಮೇಘಶ್ರೀ ಹೋಮದ ಹೊಗೆಯಲ್ಲೇ ಚೀರಿದಳು:

"ಪಾಲಾಕ್ಷಣ್ಣಾ! ಅದ್ರಲ್ಲಿ ನನ್ನ ಒಳಬಟ್ಟೆ ಇವೆ!"

"ಇರ್ಲಿ ಕಣವ್ವಾ, ಮೂಲೆ ಕಾಣ್ತದೆ," ಅಂದ ಪಾಲಾಕ್ಷಣ್ಣ, ಡ್ರಾಯರನ್ನು ಬೆಳಕಿಗೆ ಇನ್ನಷ್ಟು ಎತ್ತಿ ಹಿಡಿದು.